ಪುಡಿ ಕೋಣೆಯ ಸಹಿ

ಮಾತ್ರೆಗಳ ಮೇಲೆ ನುಣುಪಾದ ಹೊದಿಕೆ ಇರುತ್ತದಲ್ಲ, ಅದಕ್ಕೆ ಬೇಕಾದ ಬಿಳಿ ಪುಡಿಯನ್ನು ಸ್ಪಿರಿಟ್‌ನಲ್ಲಿ ಕರಗಿಸುವ ಕೆಲಸ ಸೊರಾಯ್ದಾಳದು. ಮನಾತಿ ಊರಿನಾಚೆ ಹೆದ್ದಾರಿ ಬದಿಯಲ್ಲಿರುವ ನಮ್ಮ ಔಷಧ ಕಾರ್ಖಾನೆಯಲ್ಲಿ ಇಪ್ಪತ್ತಮೂರು ವರ್ಷ ಅವಳು ಅದನ್ನೇ ಮಾಡಿದ್ದಳು. ಪಕ್ಕದ ತೂಕದ ಕೋಣೆ ನನ್ನದು. ನಡುವೆ ಒಂದು ಗಾಜಿನ ಗೋಡೆ, ಒಂದು ಬಾಗಿಲು. ಎಲ್ಲರೂ ಅವಳನ್ನು ‘ದೋನ್ಯಾ’ ಎಂದು ಗೌರವದಿಂದ ಕರೆಯುತ್ತಿದ್ದರು. ವಾರಗೆಯವನಾದ್ದರಿಂದ ನಾನು ಮಾತ್ರ ಬರೀ ಸೊರಾ ಅನ್ನುತ್ತಿದ್ದೆ.

ಆ ಪುಡಿ ಸೆಲ್ಯುಲೋಸ್, ಅಂದರೆ ಮರದ ನಾರಿನಿಂದ ತೆಗೆದದ್ದು. ನೋಡುವುದಕ್ಕೆ ಅಕ್ಕಿಹಿಟ್ಟಿನಷ್ಟು ಸಾಧು. ಹೊಸದಾಗಿ ಬಂದವರು ಅದನ್ನು ಕಂಡು ನಕ್ಕರೆ ಸೊರಾಗೆ ಸಿಟ್ಟು ಬರುತ್ತಿತ್ತು.

“ನಗ್ರಪ್ಪ, ನಗ್ರಿ. ದಿನಾ ಇದನ್ನ ಊರೆಲ್ಲ ನುಂಗ್ತದೆ, ಯಾರೂ ಸತ್ತಿಲ್ಲ. ಆದ್ರೆ ಗಾಳೀಲಿ ಹಾರ್ತು ಅಂದ್ರೆ ಇದೇ ಸಿಡಿಮದ್ದು.”

ಮೊದಲ ದಿನ ಅವಳು ಪುಡಿಯನ್ನು ಮುಟ್ಟಲೂ ಬಿಡುತ್ತಿರಲಿಲ್ಲ. ಖಾಲಿ ಪ್ಲಾಸ್ಟಿಕ್ ಚೀಲವೊಂದನ್ನು ತೋಳಿಗೆ ಉಜ್ಜಿ, ರೋಮ ನೆಟ್ಟಗಾಗುವುದನ್ನು ತೋರಿಸುತ್ತಿದ್ದಳು. “ಇಷ್ಟು ಕರೆಂಟು ಸಾಕು, ನಿಮ್ಮನ್ನ ಸುಡೋಕೆ.” ಎರಡನೇ ದಿನ, ಆ ಕರೆಂಟು ನೆಲಕ್ಕಿಳಿಯಲೆಂದು ಡಬ್ಬಕ್ಕೂ ಸ್ಪಿರಿಟ್ಟಿನ ಕೊಪ್ಪರಿಗೆಗೂ ನೆಲಕ್ಕೂ ತಂತಿ ಸಿಕ್ಕಿಸುವುದು, ಚೀಲವನ್ನು ಕೊಪ್ಪರಿಗೆಯ ಮೇಲೆ ಎಂದಿಗೂ ಕೊಡವದೆ, ಪುಡಿಯನ್ನು ಸ್ಟೀಲ್ ಮೊಗೆಯಲ್ಲಿ ನಿಧಾನವಾಗಿ ಇಳಿಸುವುದು. ಮೂರನೇ ದಿನ ಚೆಲ್ಲಿದ ಪುಡಿಯನ್ನು ತೆಗೆಯುವ ಬಗೆ. ಪೊರಕೆ ಹಿಡಿದರೆ ಧೂಳೇಳುತ್ತದೆ, ನೀರು ಹಾಕಿದರೆ ನೆಲವೆಲ್ಲ ಲೋಳೆಯಾಗಿ ಕಾಲು ಜಾರುತ್ತದೆ; ನನ್ನ ಕೋಣೆಯಲ್ಲಿದ್ದ ಧೂಳು ಎಳೆಯುವ ಯಂತ್ರದ ಕೊಳವೆಯಿಂದಲೇ ಹೀರಿಸಬೇಕು. ಈ ಮೂರು ದಿನ ಮುಗಿಯದೆ ಅವಳು ಯಾರ ತರಬೇತಿ ಕಾಗದಕ್ಕೂ ಸಹಿ ಹಾಕಿದವಳಲ್ಲ.

ಆ ವರ್ಷ ಮಾರ್ಚಿನಲ್ಲಿ ಪೊಟ್ಟಣ ಕಟ್ಟುವ ವಿಭಾಗವನ್ನು ಮುಚ್ಚಿದರು. ಅಲ್ಲಿದ್ದ ನಲವತ್ತು ಜನರಲ್ಲಿ ಆರು ಮಂದಿಗೆ ಮಾತ್ರ ಬೇರೆ ಕಡೆ ಜಾಗ ಸಿಕ್ಕಿತು. ಅವರಲ್ಲಿ ಎಫ್ರಾಯಿನ್ ಒಬ್ಬ. ಐವತ್ತೊಂದು ವರ್ಷದ, ದಪ್ಪ ಮೀಸೆಯ, ಸದಾ ತಮಾಷೆ ಮಾಡುವ ಮನುಷ್ಯ. ಒಂದು ಮಂಗಳವಾರ ಬೆಳಿಗ್ಗೆ ಸೊರಾಳ ಕೋಣೆಯ ಕೆಲಸಕ್ಕೆಂದು ಬಂದ. ಹಿಂದೆಯೇ ನಮ್ಮ ಮೇಲ್ವಿಚಾರಕ, ಎಂಜಿನಿಯರ್ ಬೆರ್ರಿಯೋಸ್ ಬಂದ. ಅವರು ಮೂವರೂ ಮಾತಾಡಿದ್ದು ನನ್ನ ತೂಕದ ಕೋಣೆಯಲ್ಲಿ, ನನ್ನ ಮೇಜಿನಿಂದ ಮೂರು ಹೆಜ್ಜೆ ದೂರದಲ್ಲಿ.

“ದೋನ್ಯಾ, ಇವರ ಕಾಗದಕ್ಕೆ ಇವತ್ತೇ ಸಹಿ ಹಾಕ್ಬಿಡಿ,” ಅಂದ ಬೆರ್ರಿಯೋಸ್.

“ಇವತ್ತಾ? ಇವ್ರಿಗೆ ಕೋಣೆ ಬಾಗಿಲು ಎಲ್ಲಿದೆ ಅಂತಾನೂ ಗೊತ್ತಿಲ್ಲ.”

“ಗುರುವಾರ ತಪಾಸಣೆಯವರು ಬರ್ತಾರೆ. ಅಷ್ಟರಲ್ಲಿ ಎಲ್ಲರ ಕಾಗದ ಭರ್ತಿ ಆಗಿರ್ಬೇಕು. ಕಲಿಸೋದು ಆಮೇಲೆ ಕಲಿಸಿ, ಬೇಡ ಅಂದೋರ್ಯಾರು?”

“ನಾನು ಹಾಕಲ್ಲ.”

ಬೆರ್ರಿಯೋಸ್ ದನಿ ಏರಿಸಲಿಲ್ಲ. “ಸರಿ ಬಿಡಿ. ತರಬೇತಿ ಇಲ್ಲದೋರಿಗೆ ಕೆಲಸ ಇಲ್ಲ. ಇವರ ಹೆಸರನ್ನ ಆ ಮೂವತ್ತನಾಲ್ಕು ಜನರ ಜೊತೆ ಸೇರಿಸ್ತೀನಿ. ಹೇಳಿಬಿಡಿ, ಸೇರಿಸ್ಲಾ?”

ಎಫ್ರಾಯಿನ್‌ನ ಮುಖದ ನಗು ಆರಿತು. “ಹಾಕ್ಬಿಡಿ ದೋನ್ಯಾ,” ಅಂದ. “ನಿಮ್ಮ ಕಾಲು ಹಿಡೀತೀನಿ. ನೀವು ಹೇಳಿದಷ್ಟು ದಿನ ಕಲೀತೀನಿ. ಈ ವಯಸ್ಸಲ್ಲಿ ನನ್ನನ್ನ ಯಾರು ಕೆಲಸಕ್ಕೆ ಇಟ್ಕೊಳ್ತಾರೆ?”

ಸೊರಾ ನನ್ನ ಕಡೆ ನೋಡಿದಳು. ನಾನು ತಕ್ಕಡಿಯ ಅಂಕಿ ನೋಡುತ್ತಿದ್ದೆ. ಅವಳು ಪೆನ್ನು ತೆಗೆದು ಸಹಿ ಹಾಕಿದಳು.

ಮರುದಿನ ಎಫ್ರಾಯಿನ್‌ನ ಹೆಂಡತಿ ನಿಲ್ಸಾ ಒಂದು ದೊಡ್ಡ ಡಬ್ಬಿ ತುಂಬ ತೊಗರಿಕಾಳಿನ ಅನ್ನ, ಹುರಿದ ಹಂದಿ ಮಾಂಸ ಕಳಿಸಿದಳು. ಊಟದ ಮನೆಯಲ್ಲಿ ಮೂವರೂ ಹಂಚಿಕೊಂಡು ತಿಂದೆವು. ಊಟ ಮಾಡುತ್ತಲೇ ಸೊರಾ ಅವನ ತೋಳಿಗೆ ಖಾಲಿ ಚೀಲ ಉಜ್ಜಿ ಮೊದಲ ದಿನದ ಪಾಠ ಹೇಳಿದಳು. ಅವನ ತೋಳಿನ ರೋಮ ನೆಟ್ಟಗಾಯಿತು. “ಅರೆ, ಇದು ನನ್ನ ಅತ್ತೆ ಬಂದಾಗ ಆಗೋ ಹಾಗೇ ಆಗ್ತದಲ್ಲ!” ಅಂದ. ನಕ್ಕೆವು. ಅವನು ಕಲಿತದ್ದು ಆ ಒಂದು ಪಾಠ. ಎರಡನೇ ದಿನದ ಪಾಠ ಅವನಿಗೆ ಸಿಗಲೇ ಇಲ್ಲ.

ಗುರುವಾರ ಬೆಳಿಗ್ಗೆ ಹತ್ತರ ಹೊತ್ತಿಗೆ ತಪಾಸಣೆಯವರಿಗೆ ಕಾಗದ ತೋರಿಸಲು ಸೊರಾಳನ್ನು ಮೇಲಿನ ಆಫೀಸಿಗೆ ಕರೆದರು. ಹೋಗುವಾಗ ಅವಳು ಎಫ್ರಾಯಿನ್‌ಗೆ, “ನಾನು ಬರೋತನಕ ಏನೂ ಮುಟ್ಬೇಡಿ,” ಅಂದಳು. ಹದಿನೈದು ನಿಮಿಷದ ಮೇಲೆ ಆಫೀಸಿನಿಂದ ಫೋನು ಬಂತು. ತಪಾಸಣೆಯವರು ಕೆಳಗೆ ಬರುತ್ತಿದ್ದಾರೆ, ಕೋಣೆಯಲ್ಲಿ ಕೆಲಸ ನಡೆಯುತ್ತಿರುವುದು ಕಾಣಬೇಕು ಎಂದರು. ಫೋನೆತ್ತಿದವನು ಎಫ್ರಾಯಿನ್. ಹೊಸ ಜಾಗದಲ್ಲಿ ಮೂರನೇ ದಿನ. ಸುಮ್ಮನೆ ಕೂತಿದ್ದಾನೆ ಅನ್ನಿಸಿಕೊಳ್ಳಲು ಅವನಿಗೆ ಹೆದರಿಕೆ.

ಗಾಜಿನಾಚೆ ಅವನು ಕೊಪ್ಪರಿಗೆಯ ಮುಚ್ಚಳ ತೆರೆದದ್ದು ನನಗೆ ಕಂಡಿತು. ಡಬ್ಬದಿಂದ ಚೀಲವನ್ನೇ ಎತ್ತಿ ಪುಡಿ ಸುರಿದ. ತಳದಲ್ಲಿ ಅಂಟಿದ್ದನ್ನು ಬೀಳಿಸಲು, ಹೆಂಗಸರು ಹಿಟ್ಟಿನ ಚೀಲ ಕೊಡವುವಂತೆ ಎರಡು ಸಲ ಕೊಡವಿದ. ನಾನು ಎದ್ದು ಗಾಜು ಬಡಿಯುವಷ್ಟರಲ್ಲಿ ಬೆಂಕಿ ಹೊತ್ತಿ ಕೋಣೆಯೆಲ್ಲ ಹಳದಿಯಾಯಿತು. ಶಬ್ದ ದೊಡ್ಡದೇನಲ್ಲ, ಭಾರದ ಬಾಗಿಲೊಂದು ಧಡ್ ಎಂದು ಮುಚ್ಚಿಕೊಂಡ ಹಾಗೆ. ಅವನನ್ನು ಎಳೆದು ಹೊರಗೆ ತಂದವನು ನಾನೇ. ಮೀಸೆ ಇರಲಿಲ್ಲ. ಕೈಗಳನ್ನು ಮುಂದಕ್ಕೆ ಚಾಚಿಕೊಂಡು, “ನಿಲ್ಸಾಗೆ ಹೇಳ್ಬೇಡ, ನಿಲ್ಸಾಗೆ ಹೇಳ್ಬೇಡ,” ಎನ್ನುತ್ತಿದ್ದ.

ಎಂಟು ವಾರ ಸಾನ್ ಹುವಾನ್‌ನ ಆಸ್ಪತ್ರೆಯಲ್ಲಿದ್ದ. ಬಲಗೈಯ ಬೆರಳುಗಳು ಒಂದಕ್ಕೊಂದು ಅಂಟಿಕೊಂಡವು. ಅವನಿನ್ನೂ ಹಾಸಿಗೆಯಲ್ಲಿದ್ದಾಗಲೇ ಕಂಪನಿಯ ಪತ್ರ ಮನೆಗೆ ಬಂತು. ಪೂರ್ತಿ ತರಬೇತಿ ಪಡೆದಿದ್ದ ನೌಕರ, ತಿಳಿದೂ ತಿಳಿದೂ ನಿಯಮ ಮುರಿದಿದ್ದಾನೆ, ಕೆಲಸದಿಂದ ತೆಗೆಯಲಾಗಿದೆ ಎಂದಿತ್ತು. ಜೊತೆಗೆ ತರಬೇತಿ ಕಾಗದದ ನಕಲು. ಅದರ ಕೆಳಗೆ ಸೊರಾಳ ಸಹಿ.

ನಿಲ್ಸಾ ಅದನ್ನು ಸೊರಾಳ ಮನೆಗೆ ತಂದು ತೋರಿಸಿದಳಂತೆ. ಮರುದಿನ ಸೊರಾ ತಾನಾಗಿಯೇ, ಕಂಪನಿಯಲ್ಲಿ ಅಪಘಾತದ ವಿಚಾರಣೆ ನಡೆಸುತ್ತಿದ್ದವರ ಮುಂದೆ ಹೋಗಿ ನಿಂತಳು. ಅವಳು ನನಗೆ ಮೊದಲೇ ಒಂದು ಮಾತೂ ಹೇಳಿರಲಿಲ್ಲ. ಹೇಳುವ ಅಗತ್ಯವಿದೆ ಎಂದು ಅವಳಿಗೆ ತೋಚಿರಲಾರದು.

“ನಾನು ಕಲಿಸಿಲ್ಲ. ಈ ಕಾಗದ ಸುಳ್ಳು,” ಅಂದಳು.

“ಮತ್ತೆ ಸಹಿ ಯಾಕೆ ಹಾಕಿದ್ರಿ?” ಎಂದು ಕೇಳಿದರು.

“ಎಂಜಿನಿಯರ್ ಹಾಕಿಸಿದ್ರು. ಹಾಕದಿದ್ರೆ ಇವರನ್ನ ಮನೆಗೆ ಕಳಿಸ್ತೀನಿ ಅಂದ್ರು.”

ಬೆರ್ರಿಯೋಸ್ ತಲೆಯಾಡಿಸಿದ. “ದೋನ್ಯಾ, ನಾನು ಯಾವತ್ತು ಹಾಗಂದೆ?”

“ಅಬ್ನೆರ್ ಅಲ್ಲೇ ಇದ್ದ. ಅವನನ್ನೇ ಕೇಳಿ.”

ನನ್ನನ್ನು ಕರೆಸಿದರು. ನನ್ನ ಹೆಂಡತಿಗೆ ಎರಡೂ ಮೂತ್ರಪಿಂಡ ಹೋಗಿವೆ. ವಾರಕ್ಕೆ ಮೂರು ಸಲ ರಕ್ತ ಶುದ್ಧಿ ಮಾಡಿಸಬೇಕು. ಅದಕ್ಕೆ ವಿಮೆ ನನ್ನ ನೌಕರಿಯದು. ಇದನ್ನು ನಾನು ನೆಪವಾಗಿ ಹೇಳುತ್ತಿಲ್ಲ. ಆ ಕುರ್ಚಿಯಲ್ಲಿ ಕೂತಾಗ ತಲೆಯಲ್ಲಿದ್ದದ್ದು ಅದೊಂದೇ. ಬೆರ್ರಿಯೋಸ್ ನನ್ನನ್ನು ನೋಡಲೂ ಇಲ್ಲ, ಕಿಟಕಿಯಾಚೆ ಕಣ್ಣು ನೆಟ್ಟಿದ್ದ.

“ಧೂಳು ಎಳೆಯೋ ಯಂತ್ರ ಓಡ್ತಿತ್ತು,” ಅಂದೆ. “ನಂಗೇನೂ ಕೇಳಿಸ್ಲಿಲ್ಲ.”

ಸೊರಾ ನನ್ನನ್ನೇ ನೋಡಿದಳು. ಕೈಚೀಲ ಎತ್ತಿಕೊಂಡು, ಅವರು ಹೋಗಿ ಎನ್ನುವುದಕ್ಕೆ ಮೊದಲೇ ಎದ್ದು ಹೋದಳು.

ಹದಿನೈದು ದಿನದಲ್ಲಿ ತೀರ್ಮಾನ ಬಂತು. ಎಫ್ರಾಯಿನ್‌ನ ತಪ್ಪಿಲ್ಲ, ತಪ್ಪು ಸುಳ್ಳು ಕಾಗದಕ್ಕೆ ಸಹಿ ಹಾಕಿದವಳದು. ಅವನ ಮೇಲಿದ್ದ ಆರೋಪ ಕೈಬಿಟ್ಟರು, ಆದರೆ ಆ ಕೈಗೆ ತಕ್ಕ ಕೆಲಸ ಇಲ್ಲವೆಂದು ಮನೆಯಲ್ಲೇ ಉಳಿಸಿದರು. ಸೊರಾಳನ್ನು ತೆಗೆದರು. ಇಪ್ಪತ್ತಮೂರು ವರ್ಷದ ಮೇಲೆ ಅವಳ ಬೀರುವಿನಲ್ಲಿದ್ದದ್ದು ಒಂದು ಜೊತೆ ಚಪ್ಪಲಿ, ಒಂದು ಸ್ವೆಟರು. ಕಾವಲುಗಾರ ಅವನ್ನು ಪೆಟ್ಟಿಗೆಯಲ್ಲಿ ಹಾಕಿ ಗೇಟಿನ ಬಳಿ ಕೊಟ್ಟ. ಅವಳು ತಂಗಿಯ ಮನೆಗೆಂದು ಪೋನ್ಸೆ ಊರಿಗೆ ಹೊರಟುಹೋದಳು. ಪುಡಿ ಕೋಣೆಗೆ ನನ್ನನ್ನು ಹಾಕಿದರು. ಅವಳ ಕೆಲಸ ಹತ್ತಿರದಿಂದ ನೋಡಿದವನು ನಾನೊಬ್ಬನೇ ಎಂದು ಬೆರ್ರಿಯೋಸನೇ ಶಿಫಾರಸು ಮಾಡಿದನಂತೆ.

ಕಳೆದ ಭಾನುವಾರ ಚರ್ಚಿನಲ್ಲಿ ಪೂಜೆ ಮುಗಿಸಿ ಎಫ್ರಾಯಿನ್‌ನ ಮನೆಗೆ ಹೋಗಿದ್ದೆ. ಅವನು ಹೊರಜಗುಲಿಯಲ್ಲಿ ಕೂತಿದ್ದ. ಮೀಸೆ ಮತ್ತೆ ಬಂದಿದೆ, ಅರ್ಧ ಮಾತ್ರ. ನನ್ನನ್ನು ಕಂಡದ್ದೇ ಒಳಗೆ ಕೂಗಿದ: “ನಿಲ್ಸಾ, ನನ್ನ ಪ್ರಾಣ ಉಳಿಸಿದೋನು ಬಂದಿದ್ದಾನೆ, ಕಾಫಿ ತಾ!”

ನಿಲ್ಸಾ ಕಾಫಿ ತಂದು ನನ್ನ ಕೆನ್ನೆಗೆ ಮುತ್ತಿಟ್ಟಳು. ಅವಳ ಬಾಯಿಂದ ಮೊದಲು ಬಂದದ್ದು ಸೊರಾಳ ಹೆಸರೇ. “ಎಂಥಾ ಹೆಂಗಸು ನೋಡು. ನನ್ನ ಕೈಯಾರೆ ಮಾಡಿದ ಅನ್ನ ತಿಂದ್ಲು. ಇವ್ರ ಕೈ ಹಾಳು ಮಾಡಿ, ಪಾಪ ಆ ಎಂಜಿನಿಯರ್ ತಲೆಗೆ ಕಟ್ಟೋಕೆ ಹೋದ್ಲು.”

“ಬಿಡೇ. ಸಹಿ ಹಾಕಿ ಅಂತ ಕಾಲಿಗೆ ಬಿದ್ದೋನು ನಾನೇ ಅಲ್ವಾ?” ಅಂದ ಎಫ್ರಾಯಿನ್. ಆಮೇಲೆ ನನ್ನ ಕಡೆ ತಿರುಗಿದ. “ಆ ಬೆಂಕಿ ಆದ್ಮೇಲೆ ನಂಗೆ ಆ ವಾರದ್ದೇನೂ ಸರಿಯಾಗಿ ನೆನಪಾಗಲ್ಲ, ಅಬ್ನೆರ್. ಎಂಜಿನಿಯರ್ ಅವತ್ತು ಏನೋ ಹೆದರಿಸಿದ ಹಾಗಿತ್ತು. ಹೌದಾ? ನೀನು ಅಲ್ಲೇ ಇದ್ದೆ.”

“ಯಂತ್ರ ಓಡ್ತಿತ್ತು,” ಅಂದೆ.

“ಹಾಗಿದ್ರೆ ನಂದೇ ಭ್ರಮೆ ಇರ್ಬೇಕು,” ಅಂದ ಎಫ್ರಾಯಿನ್. ಎರಡೂ ಅಂಗೈಗಳ ನಡುವೆ ಬಟ್ಟಲು ಹಿಡಿದು, ಚೆಲ್ಲದ ಹಾಗೆ ಜೋಪಾನವಾಗಿ ಬಾಯಿಗೆತ್ತಿದ. ನಿಲ್ಸಾ ಇನ್ನೊಂದು ಲೋಟ ಬಗ್ಗಿಸಿ ನನ್ನ ಮುಂದಿಟ್ಟಳು. ನಾನು ಅದನ್ನೂ ಕುಡಿದೆ.