ಏನೂ ಬರೆಯದ ಕಾರ್ಡು

ಅವಳು ಮತ್ತೆ ಓವನ್ನಿನ ಬಾಗಿಲಿಗೆ ಕೈ ಹಾಕಿದ್ದನ್ನು ಕಂಡು ಅತ್ತಿಗೆ ಮೇಜಿನ ಆಚೆಯಿಂದಲೇ ಗದರಿದಳು.

"ಸುಮ್ನೆ ಬಿಡೇ ಅದನ್ನ. ಗಳಿಗೆಗೊಂದು ಸಲ ತೆಗೀತಾ ಇದ್ರೆ ಕೇಕು ಉಬ್ಬೋದು ಹೇಗೆ? ಅದೇನು ನಿನ್ನ ಬಸ್ಸಾ, ಸ್ಟಾಪ್ ಸ್ಟಾಪಿಗೂ ಬಾಗಿಲು ತೆಗೆಯೋಕೆ?"

ಅಂದ ಮೇಲೆ ಅತ್ತಿಗೆ ನಾಲಿಗೆ ಕಚ್ಚಿಕೊಂಡಳು. ಮನೆಯಲ್ಲಿ ಬಸ್ಸಿನ ಸುದ್ದಿ ಎತ್ತಕೂಡದೆಂದು ಗಂಡನಿಗೆ ತಾಕೀತು ಮಾಡಿದ್ದವಳೇ ಅವಳು. ಈಗ ತಲೆ ತಗ್ಗಿಸಿ ಬಣ್ಣದ ಕಾಗದ ಕತ್ತರಿಸುವುದರಲ್ಲಿ ಮುಳುಗಿಹೋದಂತೆ ನಟಿಸಿದಳು.

ಊರಿನ ಬಸ್ಸಿನಲ್ಲಿ ವರ್ಷಗಟ್ಟಲೆ ಸ್ಟೀರಿಂಗ್ ಹಿಡಿದವಳು ಈ ನಾದಿನಿ. ದಿನವೂ ಬರುವ ಪ್ರಯಾಣಿಕರ ಬಾಯಲ್ಲಿ ಡ್ರೈವರಮ್ಮ. ಎಲೆ ಹಣ್ಣಾಗಿ ಉದುರಲು ಶುರುವಾದ ಹೊಸತರಲ್ಲಿ, ಗಾಳಿ ಜೋರಾಗಿದ್ದ ಒಂದು ಬೆಳಿಗ್ಗೆ, ಮಾರುಕಟ್ಟೆಯ ತಿರುವಿನಲ್ಲಿ ಒಬ್ಬ ಮನುಷ್ಯ ಫುಟ್‌ಪಾತಿನಿಂದ ನೇರ ಅವಳ ಬಸ್ಸಿನ ಮುಂದಕ್ಕೆ ಬಂದುಬಿಟ್ಟಿದ್ದ. ಬ್ರೇಕು ತುಳಿದಿದ್ದಳು. ಆದರೂ ಬಸ್ಸು ತಗುಲಿತು. ಅವನ ತೊಡೆಯ ಮೂಳೆ ಮುರಿಯಿತು, ತಲೆಗೆ ಪೆಟ್ಟಾಯಿತು. ವಿಚಾರಣೆ ನಡೆಸಿದವರು ಚಾಲಕಿಯ ತಪ್ಪೇನಿಲ್ಲವೆಂದರು. ಡಿಪೋದ ಮೇಲಧಿಕಾರಿ, ಸ್ವಲ್ಪ ದಿನ ಮನೆಯಲ್ಲಿ ಆರಾಮಾಗಿರಿ ಎಂದು ಕಳಿಸಿಕೊಟ್ಟರು.

ಆರಾಮು ಎಲ್ಲಿಂದ ಬರಬೇಕು? ಕೂತರೆ ಏಳಬೇಕು, ಎದ್ದರೆ ಎಲ್ಲಿಗಾದರೂ ಹೋಗಬೇಕು ಅನ್ನಿಸುತ್ತಿತ್ತು. ಪಾತ್ರೆ ತೊಳೆಯುತ್ತ ನಿಂತಾಗ ಅವಳ ಬಲಗಾಲು ತನ್ನಷ್ಟಕ್ಕೆ ನೆಲವನ್ನು ಒತ್ತುತ್ತಿತ್ತು. ಮಹಡಿಯ ಮೇಲಿನ ಮನೆಯ ಅತ್ತಿಗೆ ಇದನ್ನು ನೋಡಿ, ಕೈಗೆ ಕೆಲಸ ಕೊಡದಿದ್ದರೆ ಇವಳ ತಲೆ ಕೆಡುತ್ತದೆಂದು ತೀರ್ಮಾನಿಸಿದಳು. ಪ್ರತಿವರ್ಷ ಈ ಕಾಲಕ್ಕೆ ಸೇಬಿನ ಕೇಕು ಮಾಡಿ, ಒಣಗಿಸಿದ ಎಲೆ ಅಂಟಿಸಿದ ಕಾರ್ಡಿನ ಜೊತೆ ಕಟ್ಟಡದವರಿಗೆಲ್ಲ ಹಂಚುವುದು ಅವಳ ಹುಚ್ಚು. ಅವರು ಬೇಕೆಂದರೂ ಸರಿ, ಬೇಡವೆಂದರೂ ಸರಿ. ಈ ಸಲ ಹಿಟ್ಟು, ದಾಲ್ಚಿನ್ನಿ, ಅಂಟು, ಕತ್ತರಿ ಎಲ್ಲವೂ ನಾದಿನಿಯ ಅಡುಗೆಮನೆಗೆ ಇಳಿದು ಬಂದಿದ್ದವು.

ಮನೆ ತುಂಬ ಬೆಂದ ಸೇಬಿನ ವಾಸನೆ. ಅವಳ ಮುಂದೆ ಅವಳೇ ಮಾಡಿದ ಒಂದು ಕಾರ್ಡು. ಮೇಲೆ ಒಂದು ಕೆಂಪೆಲೆ, ಒಳಗೆ ಬರೀ ಬಿಳಿ. ಬೆಳಗಿನಿಂದ ಪೆನ್ನು ಹಿಡಿಯುವುದು, ಇಡುವುದು ನಡೆದೇ ಇತ್ತು. ಬೇಗ ಗುಣವಾಗಿ ಎಂದು ಬರೆಯಲು ತನಗೆ ಯಾವ ಮುಖವಿದೆ? ಕ್ಷಮಿಸಿ ಎಂದರೆ ಯಾವುದಕ್ಕೆ? ಯಾರಿಗೆ ಈ ಕಾರ್ಡೆಂದು ಕೇಳದೆಯೇ ಅತ್ತಿಗೆ ನೆರವಿಗೆ ಬಂದಳು.

"ನಿಮ್ಮ ಬಾಳು ಈ ಎಲೆಯ ಹಾಗೆ ಬಣ್ಣಬಣ್ಣವಾಗಿರಲಿ ಅಂತ ಬರಿ."

"ಉದುರಿದ ಎಲೆ ಅತ್ತಿಗೆ ಅದು."

ಅತ್ತಿಗೆ ಮತ್ತೆ ಕತ್ತರಿ ಕೈಗೆತ್ತಿಕೊಂಡಳು.

ಹೊರಗೆ ತೆಗೆದಾಗ ಕೇಕಿನ ನಡುಭಾಗ ಕುಸಿದಿತ್ತು. ಸಕ್ಕರೆ ಪುಡಿ ಉದುರಿಸಿದರೆ ಗೊತ್ತಾಗುವುದಿಲ್ಲ ಎಂದು ಅತ್ತಿಗೆ ಡಬ್ಬಿ ಹುಡುಕುತ್ತಿರುವಾಗಲೇ ಅವಳು ಬಿಸಿ ಕೇಕನ್ನು ಬಟ್ಟೆಯಲ್ಲಿ ಸುತ್ತಿ, ಕಾರ್ಡನ್ನು ಕೋಟಿನ ಜೇಬಿಗೆ ಸೇರಿಸಿ, ಚಪ್ಪಲಿ ಮೆಟ್ಟಿದ್ದಳು. ಅತ್ತಿಗೆಗೆ ಅರ್ಥವಾಯಿತು. ಅವರು ಮುಖಕ್ಕೆ ಬಾಗಿಲು ಹಾಕಿದರೇನು ಮಾಡ್ತೀಯ ಎಂದು ಕೇಳಿದಳು. ಹಾಕಲಿ, ಅದಾದರೂ ಆಗಿಹೋಗಲಿ ಎಂದು ಇವಳು ಮೆಟ್ಟಿಲಿಳಿದಳು.

ಬಸ್ಸು ತಗುಲಿದ ಆ ಮನುಷ್ಯನ ವಿಳಾಸ ವಿಚಾರಣೆಯ ದಿನವೇ ಕಿವಿಗೆ ಬಿದ್ದಿತ್ತು. ಬಸ್ಸು ಹತ್ತಲು ಮನಸ್ಸಾಗದೆ ನಡೆದೇ ಹೋದಳು. ಎಲೆಗಳು ರಸ್ತೆಯುದ್ದಕ್ಕೂ ಗಾಳಿಗೆ ಸರಸರ ಹರಿಯುತ್ತಿದ್ದವು. ಪ್ರತಿ ತಿರುವಿನಲ್ಲೂ ಹಿಂದಿರುಗಿಬಿಡೋಣವೆನಿಸುತ್ತಿತ್ತು. ಕೈಯಲ್ಲಿನ ಕೇಕು ಮಾತ್ರ ಬಿಸಿಯಾಗಿಯೇ ಇತ್ತು, ಆರುವ ಮೊದಲು ತಲುಪಿಸಬೇಕು ಎಂಬ ಒಂದೇ ನೆಪದ ಮೇಲೆ ಕಾಲು ಎಳೆದುಕೊಂಡು ಹೋದಳು.

ಬಾಗಿಲು ತೆರೆದವಳು ಅವನ ಹೆಂಡತಿ. ಕಣ್ಣುಗಳು ಕೆಂಪಾಗಿ ಊದಿಕೊಂಡಿದ್ದವು, ನಿದ್ದೆ ಕಂಡು ಎಷ್ಟು ಕಾಲವಾಯಿತೋ ಎಂಬಂತೆ. ಯಜಮಾನರನ್ನು ನೋಡಿಹೋಗೋಣವೆಂದು ಬಂದೆ ಎಂದಾಗ, ಬೈಂಡಿಂಗ್ ಶಾಪಿನಲ್ಲಿ ಗಂಡನ ಜೊತೆಗಿದ್ದವರಲ್ಲಿ ಯಾರೋ ಒಬ್ಬಳು ಎಂದುಕೊಂಡು ಒಳಗೆ ಕರೆದಳು. ಪುಸ್ತಕ ಕಟ್ಟುತ್ತಿದ್ದ ಆ ಅಂಗಡಿ ಈ ಬೇಸಿಗೆಯಲ್ಲಿ ಮುಚ್ಚಿಹೋಯಿತು, ಆವತ್ತಿನಿಂದ ಇವರು ಇವರಾಗಿರಲಿಲ್ಲ ಎಂದು ಹಜಾರ ದಾಟುವಷ್ಟರಲ್ಲಿ ತಗ್ಗಿದ ದನಿಯಲ್ಲಿ ಹೇಳಿದಳು.

ಬೈಂಡರು ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕಾಲು ಚಾಚಿ ಕೂತಿದ್ದರು. ಬಾಲ್ಕನಿಯ ಬಾಗಿಲಿಗೆ ಹೊಸ ಬೀಗ. ಮಾತ್ರೆಗಳ ಪಟ್ಟಿ ಮೇಜಿನ ಮೇಲಿರದೆ ಹೆಂಡತಿಯ ಸ್ವೆಟರಿನ ಜೇಬಿನಿಂದ ಇಣುಕುತ್ತಿತ್ತು. ಕೇಕು ಕತ್ತರಿಸಲು ಅವಳು ಅಡುಗೆಮನೆಗೆ ಹೋಗಲಿಲ್ಲ. ಚಾಕು ತಟ್ಟೆ ಎಲ್ಲ ಇಲ್ಲಿಗೇ ತಂದು, ಗಂಡ ಕಣ್ಣಿಗೆ ಬೀಳುವಂತೆ ಎದುರೇ ಕೂತಳು.

ಬೈಂಡರು ಬಂದವಳು ಕೊಟ್ಟ ಕಾರ್ಡನ್ನು ತೆರೆದರು, ಮುಚ್ಚಿದರು, ಮತ್ತೆ ತೆರೆದರು.

"ಒಳಗೆ ಏನೂ ಇಲ್ವಲ್ಲಮ್ಮ."

"ಏನು ಬರೀಬೇಕು ಅಂತ ಗೊತ್ತಾಗ್ಲಿಲ್ಲ. ಆ ಬಸ್ಸು ಓಡಿಸ್ತಿದ್ದಿದ್ದು ನಾನೇ."

ಚಾಕು ಕೇಕಿನ ನಡುವೆ ನಿಂತಿತು. ಹೆಂಡತಿ ದನಿ ಏರಿಸಲಿಲ್ಲ. ಎದ್ದು ಹೋಗಿ ಎಂದಷ್ಟೇ ಹೇಳಿದಳು. ಡ್ರೈವರಮ್ಮ ಎದ್ದೇಬಿಟ್ಟಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಆದರೆ ಬೈಂಡರು ಕೈ ಎತ್ತಿ ತಡೆದರು.

"ಕೂತ್ಕೊಳ್ಳಿ. ನಿಮ್ಮನ್ನೇ ಒಂದು ಮಾತು ಕೇಳಬೇಕಿತ್ತು." ಹೆಂಡತಿಯ ಕಡೆ ನೋಡಿದರು. ಅವಳು ಅಲ್ಲಾಡಲಿಲ್ಲ. ಅವರು ಬೀಗದ ಕಡೆ ನೋಡುತ್ತ ಹೇಳಿದರು. "ನಂಗೆ ಅವತ್ತಿಂದು ಏನೂ ನೆನಪಿಲ್ಲ. ಮನೆ ಬಿಟ್ಟಿದ್ದು ಗೊತ್ತು, ಆಮೇಲೆ ಆಸ್ಪತ್ರೆ. ಆಗ ನನ್ನ ಮನಸ್ಸು ಸರಿ ಇರ್ಲಿಲ್ಲ. ನಾನು ಬಸ್ಸು ಬರೋದನ್ನ ನೋಡೀನೇ ಮುಂದೆ ಬಂದ್ನಾ?"

ವಿಚಾರಣೆಯಲ್ಲಿ ಹೇಳಿದ ಮಾತೇ ಡ್ರೈವರಮ್ಮನ ಬಾಯಿಗೆ ಬಂತು: ಅವರು ಇದ್ದಕ್ಕಿದ್ದಂತೆ ಬಂದರು. ಅಲ್ಲಿ ಯಾರೂ ಅದಕ್ಕಿಂತ ಹೆಚ್ಚು ಕೇಳಿರಲಿಲ್ಲ, ಅವಳಿಗೂ ಅದಕ್ಕಿಂತ ಹೆಚ್ಚು ನೆನೆಯುವುದು ಬೇಕಿರಲಿಲ್ಲ. ಇಷ್ಟು ದಿನ ಕೂತಲ್ಲಿ ಕೂರದೆ ಅವಳು ತಪ್ಪಿಸಿಕೊಂಡು ತಿರುಗಿದ್ದು ಬಸ್ಸಿನ ಮುಂದೆ ಕಂಡ ಆ ಮುಖದಿಂದಲೇ. ಈಗ ಕಣ್ಣು ಮುಚ್ಚಿ ಬೇಕೆಂದೇ ಅದನ್ನು ಎದುರಿಗೆ ತಂದುಕೊಂಡಳು. ಗಾಜು, ಗಾಳಿ, ಹಾರುವ ಎಲೆಗಳು. ಎಲೆಗಳ ನಡುವೆ ಎಲೆಯಲ್ಲದ ಇನ್ನೊಂದು.

"ಇಲ್ಲ," ಎಂದಳು. "ನೀವು ಬಸ್ಸಿನ ಕಡೆ ನೋಡ್ಲೇ ಇಲ್ಲ. ನಿಮ್ಮ ಟೋಪಿ ಗಾಳಿಗೆ ಹಾರ್ಕೊಂಡು ಹೋಯ್ತು. ಅದನ್ನ ಹಿಡಿಯೋಕೆ ಕೈ ಚಾಚ್ಕೊಂಡು ಓಡಿ ಬಂದ್ರಿ."

"ಯಾವ ಬಣ್ಣದ್ದು?" ಕೇಳಿದ್ದು ಹೆಂಡತಿ. ಸಂತೈಸಲೆಂದು ಹೇಳಿದ ಸುಳ್ಳುಗಳನ್ನು ಕೇಳಿ ಕೇಳಿ ಬೇಸತ್ತ ದನಿ ಅದು.

"ಬೂದು ಬಣ್ಣ. ಅಂಚಿಗೆ ಕೆಂಪು ಪಟ್ಟಿ ಇತ್ತು."

ಕೆಂಪು ಪಟ್ಟಿ ಹೊಲಿದವಳು ಹೆಂಡತಿಯೇ. ಆಸ್ಪತ್ರೆಯವರು ಕೊಟ್ಟ ಚೀಲದಲ್ಲಿ ಆ ಟೋಪಿ ಇರಲಿಲ್ಲ, ಮನೆಯಲ್ಲೂ ಸಿಕ್ಕಿರಲಿಲ್ಲ ಎಂದು ಅವಳು ಯಾರಿಗೆಂದಿಲ್ಲದೆ ಹೇಳಿಕೊಂಡಳು. ಆಮೇಲೆ, ಆಗ ಇವರ ಮುಖ ಹೇಗಿತ್ತು ಎಂದು ಕೇಳಿದಳು.

"ನಗ್ತಾ ಇದ್ರು," ಎಂದಳು ಡ್ರೈವರಮ್ಮ. "ತಪ್ಪಿಸ್ಕೊಂಡ ಕೋಳಿ ಹಿಂದೆ ಓಡೋರ ಹಾಗೆ."

ಬೈಂಡರ ಹೊಟ್ಟೆ ಮೊದಲು ಅಲುಗಿತು. ಟೋಪಿ, ಒಂದು ಹಳೇ ಟೋಪಿ ಎನ್ನುತ್ತ ನಕ್ಕರು. ಕಾಲು ನೋಯುತ್ತದೆಂದು ತೊಡೆ ಹಿಡಿದುಕೊಂಡು ನಕ್ಕರು, ಕಣ್ಣಲ್ಲಿ ನೀರು ಬಂದಮೇಲೂ ನಕ್ಕರು. ಹೆಂಡತಿ ನಗಲಿಲ್ಲ. ನಿಂತಿದ್ದ ಚಾಕುವನ್ನು ಕೆಳಗಿನವರೆಗೆ ಒತ್ತಿ, ಮೊದಲ ತುಂಡನ್ನು ಬಂದವಳ ತಟ್ಟೆಗೆ ಹಾಕಿದಳು.

ಕೇಕು ನಡುವೆ ಹಸಿಹಸಿಯಾಗಿತ್ತು. ಆದರೂ ಮೂವರೂ ತಿಂದರು. ಬೈಂಡರಿಗೆ ಕಾರ್ಡಿನ ಮಡಿಕೆಯನ್ನು ಕಂಡು ಸುಮ್ಮನಿರಲಾಗಲಿಲ್ಲ. ಕಾಗದಕ್ಕೂ ಬಟ್ಟೆಯ ಹಾಗೆ ಎಳೆ ಇರುತ್ತದೆ, ಅಡ್ಡಕ್ಕೆ ಮಡಿಚಿದರೆ ಹೀಗೆ ಬಿರುಕು ಬಿಡುತ್ತದೆ ಎಂದರು. ಒಂದು ಹಾಳೆ ತರಿಸಿ, ಉಗುರಿನ ಬೆನ್ನಿಂದ ಗೀರಿ ತೋರಿಸಿ, ಡ್ರೈವರಮ್ಮನ ಕೈಗೆ ಕೊಟ್ಟರು. ಅವಳು ಮಡಿಚಿದಳು. ಇನ್ನೂ ನಿಧಾನ ಎಂದರು. ಮತ್ತೆ ಮಡಿಚಿದಳು.

ಈಗ ಸರಿಯಾಯಿತೇ ಎಂದು ಕೇಳಲು ತಲೆ ಎತ್ತಿದಾಗ ಅವರು ತುಟಿಯ ಮೇಲೆ ಬೆರಳಿಟ್ಟು ಎದುರಿಗೆ ಕಣ್ಣು ತೋರಿಸಿದರು. ಹೆಂಡತಿ ಕೂತಲ್ಲೇ ನಿದ್ದೆ ಹೋಗಿದ್ದಳು. ತಲೆ ಒಂದು ಕಡೆಗೆ ವಾಲಿತ್ತು, ಬಾಯಿ ಸ್ವಲ್ಪ ತೆರೆದಿತ್ತು, ಕಚ್ಚಿದ ಕೇಕಿನ ತುಂಡು ಇನ್ನೂ ಕೈಯಲ್ಲೇ ಇತ್ತು. ಡ್ರೈವರಮ್ಮ ಸದ್ದಾಗದಂತೆ ಎದ್ದು, ಜಾರುತ್ತಿದ್ದ ತಟ್ಟೆಯನ್ನು ಅವಳ ಮಡಿಲಿನಿಂದ ಮೆಲ್ಲಗೆ ಎತ್ತಿಕೊಂಡಳು.