ಇದ್ದಿಲಿನ ಹತ್ತು ಗೆರೆ

ವಿಶಾಖಾಳ ಲಕೋಟೆಯನ್ನು ವೇಳೆಗೆ ಮುಂಚೆ ತೆರೆಸಬಲ್ಲವರು ರಾಯಚೂರಿನಲ್ಲಿ ಇನ್ನೂ ಹುಟ್ಟಿಲ್ಲ. ಬೀಜ ಸಂಶೋಧನಾ ಕೇಂದ್ರವೊಂದರ ಸಂಖ್ಯಾಶಾಸ್ತ್ರಜ್ಞೆ ಆಕೆ. ಕಾಲಿಗೆ ಗಂಡಸರ ಬೂಟು, ಮೊಣಕೈ ಸವೆದ ಖಾಕಿ ಕೋಟು, ಬಿಸಿಲು ಬೆನ್ನಟ್ಟಿ ಬಂದಂಥ ಬಿರುನಡಿಗೆ. ಪ್ರಯೋಗದ ಬೀಜ ಹೊಲಕ್ಕಿಳಿಯುವ ಮೊದಲೇ ಒಂದು ಅಂಕಿಯನ್ನು ಶಾಯಿಯಲ್ಲಿ ಬರೆದು, ಲಕೋಟೆಯಲ್ಲಿಟ್ಟು, ಅರಗಿನ ಮುದ್ರೆಯೊತ್ತಿ ಕಪಾಟಿಗೆ ಸೇರಿಸುತ್ತಾಳೆ. ಬರಿಯ ಆಕಸ್ಮಿಕವನ್ನು ಬೀಜದ ಗುಣವೆಂದು ನಂಬಿ ಮೋಸಹೋಗುವ ಅಪಾಯವನ್ನು ನೂರಕ್ಕೆ ಎಷ್ಟರವರೆಗೆ ಸಹಿಸಬಹುದು ಎಂಬುದರ ಅಂಕಿ ಅದು. ಲೋಕವೆಲ್ಲ ಕಣ್ಣು ಮುಚ್ಚಿ ಐದು ಎಂದು ಬರೆಯುತ್ತದೆ. ಈಕೆ ಪ್ರತಿ ಸಲವೂ ಕೂತು ಯೋಚಿಸುತ್ತಾಳೆ. ಹಳ್ಳಿಗಳ ಬಾವಿನೀರಿನ ಪರೀಕ್ಷೆಗೆ ಯಾರೋ ನೆರವು ಕೇಳಿದಾಗ ಹತ್ತು ಎಂದು ಬರೆದಿದ್ದಳು. ಸುಳ್ಳು ಅನುಮಾನದಿಂದ ನಾಲ್ಕು ಬಾವಿ ಮುಚ್ಚಿದರೂ ಸರಿ, ಕೆಟ್ಟ ನೀರು ಮಕ್ಕಳ ಬಾಯಿಗೆ ಹೋಗಬಾರದೆಂಬುದು ಆಕೆಯ ವಾದ. "ಮೊದಲ ಬರೀರಿ, ಆಮ್ಯಾಲ ನೋಡ್ರಿ" ಎಂಬುದು ಸದಾ ನಾಲಿಗೆಯ ಮೇಲಿರುವ ಮಾತು.

ಈ ಹಟ ಕಾಲೇಜಿನಲ್ಲಿ ಕಲಿತದ್ದಲ್ಲ. ದೇವದುರ್ಗದ ಮನೆಯಲ್ಲಿ ತಾಯಿ ಮೂಕಮ್ಮ ಬಿತ್ತನೆಗೆ ಮುನ್ನ ನೂರು ಜೋಳದ ಕಾಳನ್ನು ಒದ್ದೆ ಗೋಣಿತಟ್ಟಿನಲ್ಲಿ ಸುತ್ತಿಡುತ್ತಿದ್ದಳು. ಅದನ್ನು ಬಿಚ್ಚುವ ಮುಂಚೆಯೇ ಗೋಡೆಗೆ ಇದ್ದಿಲಿನಿಂದ ಹತ್ತು ಗೆರೆ ಎಳೆಯುತ್ತಿದ್ದಳು. ಮೊಳೆಯದ ಕಾಳು ಗೆರೆಗಿಂತ ಹೆಚ್ಚಾದರೆ ಆ ಬೀಜ ಹೊಲಕ್ಕಿಲ್ಲ. ಒಮ್ಮೆ ಹನ್ನೊಂದು ಮೊಳೆಯಲಿಲ್ಲ.

"ಇನ್ನೊಂದು ಗೆರಿ ಎಳಿಯವ್ವಾ, ಒಂದಕ್ಕೇನಾಗ್ತದ" ಎಂದಳು ಎಂಟು ವರ್ಷದ ವಿಶಾಖಾ.

"ನಿನಗ ಬಿತ್ತೋ ಆಸಿ ಅದ ಅಂತ ಕಾಳಿಗೆ ಮೊಳಕಿ ಬರ್ತದೇನು?" ಎಂದು ಮೂಕಮ್ಮ ಬೇರೆ ಬೀಜ ಹುಡುಕಲು ಹೊರಟಳು.

ಹೋದ ವರ್ಷ ಆ ಮಾತು ವಿಶಾಖಾಳನ್ನೇ ಪರೀಕ್ಷೆಗೆ ಒಡ್ಡಿತು. ಕೇಂದ್ರದ ನಿರ್ದೇಶಕ ಪ್ರಭುರಾಜರು ಹತ್ತು ವರ್ಷ ಬೆವರು ಸುರಿಸಿ, ಸವುಳು ನೆಲವನ್ನು ತಾಳಿಕೊಳ್ಳುವ ಭತ್ತದ ತಳಿಯೊಂದನ್ನು ಬೆಳೆಸಿದ್ದರು. ಪೋತ್ನಾಳದ ಆರು ಗದ್ದೆಗಳಿಂದ ಫಲಿತಾಂಶ ಬಂತು: ತಳಿಯಲ್ಲಿ ಯಾವ ಹೆಚ್ಚುಗಾರಿಕೆ ಇಲ್ಲದಿದ್ದರೂ ಇಂಥ ಇಳುವರಿ ಆಕಸ್ಮಿಕವಾಗಿ ಸಿಗುವ ಸಂಭವ ನೂರಕ್ಕೆ ಮೂರು. ಲಕೋಟೆ ಒಡೆದರೆ ಒಳಗಿದ್ದದ್ದು ನೂರಕ್ಕೆ ಒಂದು. ಮೂರು ಆ ಗೆರೆ ದಾಟಿದ್ದರಿಂದ ವಿಶಾಖಾ ತಳಿಗೆ ಒಪ್ಪಿಗೆ ಕೊಡಲಿಲ್ಲ.

"ಎಲ್ಲಾರೂ ಐದಕ್ಕ ಒಪ್ತಾರ. ನಿಮಗೊಬ್ಬರಿಗೆ ಯಾಕ ಬ್ಯಾಡ?" ಎಂದರು ಪ್ರಭುರಾಜರು.

"ಮಾನ್ವಿ ತಾಲೂಕೆಲ್ಲ ಹಳೇ ಬೀಜ ಬಿಟ್ಟು ಇದನ್ನ ಹಿಡಿತದ ಸರ್. ತಪ್ಪಾದ್ರ ಅವರ ಹಂಗಾಮು ಯಾರು ತಿರುಗಿ ಕೊಡ್ತಾರ? ಗೆರಿ ಸರಿಸಾಕ ಬರಂಗಿಲ್ರೀ."

ಆಕೆಯದು ವರ್ಷವರ್ಷಕ್ಕೂ ನವೀಕರಿಸಬೇಕಾದ ನೌಕರಿ. ಸಹಿ ಹಾಕಬೇಕಾದವರು ಅದೇ ಪ್ರಭುರಾಜರು. ನವೀಕರಣದ ಕಡತ ಅವರ ಮೇಜಿನ ಮೇಲೆ ತಿಂಗಳುಗಟ್ಟಲೆ ಮಲಗಿತು. ಆ ಭತ್ತ ಗೆಲ್ಲಲೆಂದು ಆಕೆಯೂ ಒಳಗೊಳಗೇ ಹಂಬಲಿಸುತ್ತಿದ್ದಳೆಂಬುದು ಯಾರಿಗೂ ತಿಳಿಯಲಿಲ್ಲ.

ಈ ವರ್ಷ ಮಾನ್ವಿಯ ಸುತ್ತ ನಲವತ್ತು ಗದ್ದೆಗಳಲ್ಲಿ ಹೊಸ ಪ್ರಯೋಗ, ಹೊಸ ಲಕೋಟೆ. ಲೆಕ್ಕ ಮುಗಿದಾಗ ಆಕಸ್ಮಿಕದ ಸಂಭವ ಸಾವಿರಕ್ಕೆ ನಾಲ್ಕು. ತುಂಬಿದ ಸಭೆಯಲ್ಲಿ ಪ್ರಭುರಾಜರೇ ಮುದ್ರೆ ಒಡೆದರು. ಒಳಗೆ ಅದೇ ನೂರಕ್ಕೆ ಒಂದು; ಭತ್ತ ಗೆರೆಯೊಳಗೇ ಗೆದ್ದಿತ್ತು. ಸಭೆ ಎದ್ದುನಿಂತು ಚಪ್ಪಾಳೆ ತಟ್ಟಿತು.

"ಹೋದ ವರ್ಷನ ಹೂಂ ಅಂದಿದ್ರ ನನಗ ಒಂದು ಅನುಮಾನ ಉಳೀತಿತ್ತು. ಈಗ ನಮ್ಮ ಮನಿ ಹೊಲಕ್ಕೂ ಇದನ್ನ ಹಾಕ್ತೀನಿ" ಎಂದು ಪ್ರಭುರಾಜರು ಅಲ್ಲೇ ಆಕೆಯ ನೌಕರಿಯ ಕಡತ ತರಿಸಿ ಸಹಿ ಹಾಕಿದರು. ವಿಶಾಖಾ ಕೋಟಿನ ತೋಳಿನಿಂದ ಕಣ್ಣೊರೆಸಿಕೊಂಡು ನಕ್ಕಳು.

ಸುದ್ದಿ ಕೇಳಿದ ಮೂಕಮ್ಮ ಫೋನಿನಲ್ಲಿ ಕೇಳಿದ್ದು ಒಂದೇ: "ಗೆರಿ ಮೊದಲ ಎಳದಿದ್ದೇನು?"

ಇಂಥವರನ್ನು ಜನ ಮೊಂಡರೆನ್ನುತ್ತಾರೆ. ಆದರೆ ಗೆಲುವನ್ನು ಎಲ್ಲರಿಗಿಂತ ಹೆಚ್ಚು ಬಯಸುವವರೂ ಇವರೇ. ಅದಕ್ಕೇ ತಮ್ಮ ಬಯಕೆಯನ್ನು ಎಲ್ಲಕ್ಕಿಂತ ಕಡಿಮೆ ನಂಬುತ್ತಾರೆ. ಅವರು ಹೌದೆಂದ ದಿನ ಊರು ನಿಶ್ಚಿಂತೆಯಿಂದ ಬಿತ್ತಬಹುದು.