ಮೇಸ್ತ್ರಮ್ಮನ ಊಟ

ನನಗೊಂದು ಕೆಟ್ಟ ಚಾಳಿ ಇದೆ. ಯಾವುದನ್ನೇ ಆಗಲಿ, ಯಾಕೆ ಹೀಗೆ ಎಂದು ಕೆದಕದೆ ಬಿಡುವವನಲ್ಲ. ರಿಪೇರಿಗೆ ಸೋಫಾ ಬಂದರೆ ಬಟ್ಟೆ ಎಲ್ಲಿ ಹರಿದಿದೆ ಎಂದು ಅಣ್ಣ ನೋಡುತ್ತಾನೆ. ಅಲ್ಲೇ ಯಾಕೆ ಹರಿಯಿತು, ಆ ಮೂಲೆಯಲ್ಲಿ ದಿನಾ ಕೂರುವ ಮಹಾನುಭಾವರು ಯಾರು, ಎಷ್ಟು ದಪ್ಪ ಎಂದು ನಾನು ವಿಚಾರಿಸುತ್ತೇನೆ. ಗಿರಾಕಿಗಳು ಮುಖ ಸಿಂಡರಿಸುತ್ತಾರೆ. ಅದಕ್ಕೇ ಅತ್ತಿಗೆ ನನಗೆ ‘ತನಿಖೆ ಸಾಹೇಬ’ ಎಂದು ಹೆಸರಿಟ್ಟಿದ್ದಾರೆ. ಇಟ್ಟುಕೊಳ್ಳಲಿ, ನನಗೇನೂ ನಷ್ಟವಿಲ್ಲ.

ನಮ್ಮದು ಸೋಫಾ, ಕುರ್ಚಿಗಳಿಗೆ ಹೊಸ ಬಟ್ಟೆ ಹೊದಿಸುವ ಅಂಗಡಿ. ಮುಂದೆ ಕೆಲಸ, ಹಿಂದೆ ಮನೆ, ನಡುವೆ ಒಂದೇ ಬಾಗಿಲು. ಅಣ್ಣ ಮೊಳೆ ಹೊಡೆಯುತ್ತಾನೆ, ನಾನು ಹೊಲಿಗೆ ಮೆಷಿನ್ ತುಳಿಯುತ್ತೇನೆ, ಬಟ್ಟೆ ಕತ್ತರಿಸುವುದು ಅತ್ತಿಗೆ. ಮೆಷಿನ್ ಕೆಳಗೆ ಮಲಗುವ ಮುದಿ ನಾಯಿಗೆ ತಾತ ಎಂದು ಹೆಸರು. ಬಾಯಲ್ಲಿ ಹಲ್ಲು ಅಂತ ಉಳಿದಿದ್ದೇ ಕಡಿಮೆ. ಬಟ್ಟೆಯ ಸುರುಳಿಗಳನ್ನಿಡುವ ಎತ್ತರದ ಹಲಗೆಯ ಮೇಲೆ ಕೂತು ಎಲ್ಲರ ಕೆಲಸವನ್ನೂ ಮೇಲಿಂದ ನೋಡುವ ಕಂದು ಬೆಕ್ಕು ಮೇಸ್ತ್ರಮ್ಮ. ಹೊಲಿಗೆ ಸೊಟ್ಟಗಾದರೆ ಅವಳು ಆಕಳಿಸುತ್ತಾಳೆ ಎಂದು ನನಗೆ ಬಲವಾದ ಗುಮಾನಿ.

ಇಬ್ಬರಿಗೂ ಮೊದಲು ಚೀಲದಲ್ಲಿ ಬರುವ ಒಣ ಆಹಾರವನ್ನೇ ಹಾಕುತ್ತಿದ್ದೆವು. ಒಂದು ವರ್ಷ ತಾತನಿಗೆ ಕೆರೆತ ಶುರುವಾಯಿತು. ಕೆರೆದೂ ಕೆರೆದೂ ಬೆನ್ನ ಮೇಲಿನ ಕೂದಲೆಲ್ಲ ಉದುರಿ, ನೋಡಲಾಗುತ್ತಿರಲಿಲ್ಲ. ಕುರ್ಚಿ ರಿಪೇರಿಗೆ ತಂದ ಹೆಂಗಸೊಬ್ಬಳು, “ಮನೇಲೇ ಮಾಡಿ ಹಾಕಿ ನೋಡಿ, ಮಾಂಸ, ತರಕಾರಿ, ಹಾಗೇ ಇಡೀ ಪದಾರ್ಥ. ನಮ್ಮ ನಾಯಿಗೆ ಗುಣ ಕಂಡಿದೆ” ಎಂದಳು. ಅತ್ತಿಗೆ ಹಿಡಿದ ಪಟ್ಟು ಬಿಡುವವರಲ್ಲ. ಅವತ್ತೇ ಚೀಲ ಹೊರಗೆ ಹೋಯಿತು. ದೊಡ್ಡ ಪಾತ್ರೆಯಲ್ಲಿ ಮಾಂಸ, ಕುಂಬಳಕಾಯಿ, ಕ್ಯಾರೆಟ್, ಒಂದಿಷ್ಟು ಅನ್ನ ಬೇಯತೊಡಗಿತು. ಕೆಲವು ವಾರಗಳಲ್ಲಿ ತಾತನ ಕೆರೆತ ನಿಂತಿತು, ಬೆನ್ನ ಮೇಲೆ ಹೊಸ ಕೂದಲು ಬಂತು. ಬೀದಿಯಲ್ಲಿ ನಾಯಿ ಸಾಕಿದವರೆಲ್ಲ ನಮ್ಮ ಅಡುಗೆಮನೆಗೆ ಬಂದು ಇಣುಕಿದರು. ಅತ್ತಿಗೆಯ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ತಾತನಿಗೆ ಆಗಿ ಬಂದದ್ದು ಮೇಸ್ತ್ರಮ್ಮನಿಗೆ ಆಗದೆ ಇರುತ್ತದೆಯೇ? ಅವಳಿಗೂ ಮನೆ ಅಡುಗೆ ಶುರುವಾಯಿತು. ಆದರೆ ಅವಳಿಗೊಂದು ಅಭ್ಯಾಸ, ಉಂಡ ಮೇಲೆ ಹತ್ತಿರದ ಮೆತ್ತನೆ ಬಟ್ಟೆಗೆ ಮೂತಿ ಒರೆಸುವುದು. ಒಂದು ದಿನ ಗಿರಾಕಿಯ ಕೆನೆ ಬಣ್ಣದ ಸೋಫಾಗೆ ಒರೆಸಿದಳು, ಜಿಡ್ಡಿನ ಕಲೆ ಕೂತಿತು. ಏನು ಮಾಡಿದರೂ ಹೋಗಲಿಲ್ಲ. ಅಣ್ಣ ಇಡೀ ಬಟ್ಟೆ ಕಿತ್ತು ಮತ್ತೆ ಹೊದಿಸಿದ. ನಮ್ಮ ಕಸುಬಿನಲ್ಲಿ ಕಲೆ ಅಂದರೆ ಬೆಂಕಿ ಇದ್ದಂತೆ.

ಅತ್ತಿಗೆ ಉಪಾಯ ಹೂಡಿದರು. ಮೇಸ್ತ್ರಮ್ಮನ ಪಾಲಿನ ಮಾಂಸವನ್ನು ಚೆನ್ನಾಗಿ ಕುದಿಸಿ ಆ ನೀರನ್ನು ತಾತನ ಬಟ್ಟಲಿಗೆ ಬಸಿಯುವುದು. ಹೊಸ ನೀರಲ್ಲಿ ಇನ್ನೊಮ್ಮೆ ಕುದಿಸಿ, ಅದನ್ನೂ ಬಸಿಯುವುದು. ಆಮೇಲೆ ತೆಳು ಬಟ್ಟೆಯಲ್ಲಿ ಕಟ್ಟಿ, ಒಂದು ತೊಟ್ಟೂ ಉಳಿಯದ ಹಾಗೆ ಹಿಂಡುವುದು. ಗುಂಡಿಗೆ, ಪಿತ್ತಜನಕಾಂಗ ಎಲ್ಲ ಸೋರುತ್ತವೆಂದು ಅವಳ ತಟ್ಟೆಗೆ ಬರಲೇ ಇಲ್ಲ. “ಹಲ್ಲಿದ್ದೋರಿಗೆ ತುಂಡು, ಹಲ್ಲಿಲ್ದೋರಿಗೆ ರಸ. ನ್ಯಾಯ ಅಂದ್ರೆ ಇದು ನೋಡು” ಎಂದು ಅತ್ತಿಗೆ ನಕ್ಕರು. ಹಿಂಡಿದ ಮಾಂಸ ನೂಲಿನ ಹಾಗೆ ಒಣಗಿರುತ್ತಿತ್ತು. ಒಂದೇ ಒಂದು ಕಲೆ ಬೀಳಲಿಲ್ಲ. ಅತ್ತಿಗೆಯ ತಲೆಯೇ ತಲೆ ಎಂದು ನಾವೂ ಹೊಗಳಿದೆವು.

ಹಾಗೇ ಬಹಳ ತಿಂಗಳು ಕಳೆದವು. ಒಂದು ದಿನ ಮೇಸ್ತ್ರಮ್ಮ ಹಲಗೆಗೆ ನೆಗೆದವಳು ಅಂಚು ತಪ್ಪಿ, ದೊಪ್ಪನೆ ಕೆಳಗೆ ಬಿದ್ದಳು. ಅವಳು ಬಿದ್ದದ್ದನ್ನು ನಾನು ಒಂದು ದಿನವೂ ನೋಡಿರಲಿಲ್ಲ! ಮರುದಿನ ಹೊಸದಾಗಿ ಬಂದ ಕುರ್ಚಿಯ ಕಾಲಿಗೆ ಡಿಕ್ಕಿ ಹೊಡೆದಳು.

“ವಯಸ್ಸಾಯ್ತು” ಎಂದ ಅಣ್ಣ.

“ಅವಳಿಗಿನ್ನೂ ಪ್ರಾಯ, ವಯಸ್ಸಾಗಿರೋದು ನಿನಗೆ” ಎಂದೆ.

ನನ್ನ ಚಾಳಿ ಸುಮ್ಮನಿರುತ್ತದೆಯೇ? ಅವಳ ಮುಂದೆ ಕೂತೆ. ಮೇಲಿಂದ ಒಂದು ಹಿಡಿ ಹತ್ತಿಯನ್ನು ಕೈಬಿಟ್ಟೆ. ಹತ್ತಿ ಸದ್ದಿಲ್ಲದೆ ಅವಳ ಮೂಗಿನ ಮುಂದೆಯೇ ಇಳಿಯಿತು. ಅವಳು ಮಿಸುಕಲಿಲ್ಲ. ಆಮೇಲೆ ಸೋಫಾಗೆ ಹೊಲಿಯುವ ಲೋಹದ ಗುಂಡಿಯೊಂದನ್ನು ಬೀಳಿಸಿದೆ. ಟಣ್ ಎಂದ ಕೂಡಲೇ ತಿರುಗಿ ಪಂಜ ಎತ್ತಿದಳು. ಮತ್ತೆ ಹತ್ತಿ, ಮತ್ತೆ ಸುಮ್ಮನೆ.

“ಅತ್ತಿಗೆ, ಇವಳಿಗೆ ಕಣ್ಣು ಕಾಣ್ತಾ ಇಲ್ಲ.”

“ಬಿಡ್ತು ಅನ್ನು! ಬಾಯಿಗೆ ಬಂದಂಗೆ ಮಾತಾಡ್ಬೇಡ. ಇಷ್ಟು ಒಳ್ಳೇ ಊಟ ತಿನ್ನೋ ಬೆಕ್ಕು ಈ ಊರಲ್ಲೇ ಇಲ್ಲ” ಎಂದು ಗದರಿದರು. ಆದರೆ ತಾವೇ ಒಂದು ಹಿಡಿ ಹತ್ತಿ ತೆಗೆದುಕೊಂಡು ಬಂದು ಬೀಳಿಸಿ ನೋಡಿದರು. ಎರಡನೇ ಸಲ ಬೀಳಿಸಿದವರೇ ಬೆಕ್ಕನ್ನು ಬಾಚಿ ಎತ್ತಿಕೊಂಡು ಚಪ್ಪಲಿ ಮೆಟ್ಟಿದರು.

ಪ್ರಾಣಿಗಳ ಡಾಕ್ಟರಮ್ಮ ಮೇಸ್ತ್ರಮ್ಮನ ಕಣ್ಣಿಗೆ ಬೆಳಕು ಬಿಟ್ಟು, ತುಂಬಾ ಹೊತ್ತು ಒಳಗೆ ನೋಡಿದರು. ಎದೆಗೆ ಕೊಳವೆ ಇಟ್ಟು ಕೇಳಿದರು. “ಊಟಕ್ಕೆ ಏನು ಹಾಕ್ತೀರಾ?”

ಅತ್ತಿಗೆ ಒಂದನ್ನೂ ಬಿಡದೆ ಹೇಳಿದರು. ಕುದಿಸುವುದು, ಬಸಿಯುವುದು, ಮತ್ತೆ ಕುದಿಸುವುದು, ಹಿಂಡುವುದು. ಹೇಳುವಾಗ ದನಿಯಲ್ಲಿ ಇನ್ನೂ ಸ್ವಲ್ಪ ಹೆಮ್ಮೆ ಇತ್ತು.

“ಆ ನೀರು?”

“ನಾಯಿಗೆ. ಒಂದು ಹನಿನೂ ದಂಡ ಮಾಡಲ್ಲ.”

“ನಾಯಿ ಚೆನ್ನಾಗಿರ್ಬೇಕಲ್ಲ?”

“ಗಟ್ಟಿಮುಟ್ಟಾಗಿದೆ.”

ಡಾಕ್ಟರಮ್ಮ ಬೆಕ್ಕಿನ ತಲೆ ಸವರಿ ನಿಧಾನಕ್ಕೆ ಹೇಳಿದರು. “ಮಾಂಸದಲ್ಲಿ ಟಾರಿನ್ ಅಂತ ಒಂದು ಸತ್ವ ಇರತ್ತೆ. ಅದಿಲ್ದೆ ಹೋದ್ರೆ ಬೆಕ್ಕಿನ ಕಣ್ಣೂ ಕೆಡತ್ತೆ, ಹೃದಯನೂ ಕೆಡತ್ತೆ. ನಾಯಿ ಸಾಮಾನ್ಯವಾಗಿ ಮೈಯಲ್ಲೇ ಅದನ್ನ ಮಾಡ್ಕೊಳ್ಳತ್ತೆ, ಬೆಕ್ಕಿಗೆ ಸಾಲೋವಷ್ಟು ಮಾಡ್ಕೊಳ್ಳೋಕೆ ಬರಲ್ಲ, ತಿಂದೇ ಪಡೀಬೇಕು. ಕುದಿಸಿದ್ರೆ ಅದು ನೀರಿಗೆ ಇಳಿದುಬಿಡತ್ತೆ. ಜಾಸ್ತಿ ಇರೋದು ಗುಂಡಿಗೇಲಿ, ಅದನ್ನೂ ನೀವು ಹಾಕಿಲ್ಲ.”

“ಮತ್ತೆ ಇಡೀ ಪದಾರ್ಥ ಒಳ್ಳೇದು ಅಂತಾರಲ್ಲ?” ಎಂದು ನಾನು ಬಾಯಿ ಹಾಕಿದೆ.

“ಒಳ್ಳೇದೇ. ಆದ್ರೆ ಇಡೀ ಆಗಿರ್ಬೇಕಲ್ಲ? ಇಲೀನ ಯಾವ ಬೆಕ್ಕಾದ್ರೂ ಕುದಿಸಿ ಹಿಂಡಿ ತಿಂದಿದ್ದು ನೋಡಿದೀರಾ?”

ನಗು ಬರುವ ಮಾತೇ. ಅತ್ತಿಗೆ ಮಾತ್ರ ಬೆಕ್ಕನ್ನು ಎದೆಗೆ ಅವಚಿಕೊಂಡರು.

“ಕಣ್ಣು ವಾಪಸ್ ಬರತ್ತಾ?” ಅತ್ತಿಗೆಯ ದನಿ ಇಳಿದುಹೋಗಿತ್ತು.

“ಹೋಗಿದ್ದು ಬರಲ್ಲಮ್ಮ. ಹೃದಯ ಸದ್ಯಕ್ಕೆ ಪರವಾಗಿಲ್ಲ. ಕಣ್ಣಲ್ಲಿ ಏನಾದ್ರೂ ಉಳಿದಿದ್ರೆ ಅದನ್ನ ಉಳಿಸ್ಕೋಬಹುದು. ಎಷ್ಟು ಉಳಿದಿದೆ ಅಂತ ಈಗ್ಲೇ ಹೇಳೋಕಾಗಲ್ಲ.”

ಮನೆಗೆ ಬಂದು ಅತ್ತಿಗೆ ಆ ತೆಳು ಬಟ್ಟೆಯನ್ನು ಒಲೆಗೆ ಹಾಕಿದರು. “ನನ್ನ ಕೈಯಾರೆ ಹಿಂಡಿದೀನಲ್ಲೋ, ದಿನಾ ಹಿಂಡಿದೀನಲ್ಲೋ” ಎಂದು ಅತ್ತರು. ಸಮಾಧಾನ ಹೇಳುವುದು ನನಗೆ ಬರುವುದಿಲ್ಲ. ಅವರ ಪಕ್ಕದಲ್ಲಿ ಕೂತೆ. ಅಣ್ಣ ಮಾತ್ರ ಬೀರುವಿನಲ್ಲಿದ್ದ ಹಳೆಯ ಹೊದಿಕೆಗಳನ್ನೆಲ್ಲ ತಂದು ಗಿರಾಕಿಗಳ ಸೋಫಾಗಳ ಮೇಲೆ ಹೊದಿಸತೊಡಗಿದ. “ಕಲೆ ಆದ್ರೆ ಆಗ್ಲಿ. ಇನ್ಮೇಲೆ ಗುಂಡಿಗೇನೂ ಹಾಕು, ರಸಾನೂ ಹಾಕು” ಎಂದ. ಇಪ್ಪತ್ತು ವರ್ಷ ಕಲೆಗೆ ಹೆದರಿ ಬದುಕಿದವನ ಬಾಯಲ್ಲಿ ಆ ಮಾತು!

ಅಂದಿನಿಂದ ಅವಳ ತಟ್ಟೆಗೆ ಗುಂಡಿಗೆ ಬಂತು, ಪಿತ್ತಜನಕಾಂಗ ಚೂರು ಬಂತು, ಬೆಂದ ರಸವೆಲ್ಲ ಬಂತು, ಡಾಕ್ಟರಮ್ಮ ಹೇಳಿದ ಅಳತೆಗೆ ಟಾರಿನ್ ಪುಡಿಯೂ ಬಂತು. ಮೂತಿ ಎಲ್ಲೆಂದರಲ್ಲಿ ಒರೆಸಿದಳು. ಅತ್ತಿಗೆ ತಟ್ಟೆ ಹಿಡಿದು ಬಂದರೆ ತಲೆ ಎತ್ತಿ ಓಡಿ ಬರುತ್ತಿದ್ದಳು.

“ನನ್ನ ನೋಡ್ತಾಳೋ, ವಾಸನೆಗೆ ಬರ್ತಾಳೋ? ನಿಜ ಹೇಳು” ಎಂದು ಒಂದು ಮಧ್ಯಾಹ್ನ ಅತ್ತಿಗೆ ಕೇಳಿದರು.

“ಗೊತ್ತಿಲ್ಲ ಅತ್ತಿಗೆ. ಪರೀಕ್ಷೆ ಮಾಡ್ಬೇಕು.”

“ಕಾಣ್ದೇ ಇದ್ರೆ?”

“ಮಾಡೋದು ಬೇಡ ಅಂದ್ರೆ ಬೇಡ.” ನನ್ನ ಜನ್ಮದಲ್ಲೇ ಮೊದಲ ಸಲ, ಒಂದು ವಿಷಯ ತಿಳಿಯದೇ ಇರಲಿ ಎಂದು ನನಗೆ ಅನ್ನಿಸಿತು.

ಅವರು ಕೇಳಲಿಲ್ಲ. ಸೋಪು ಹಚ್ಚಿ ಕೈ ತೊಳೆದರು, ಸೀರೆ ಬದಲಿಸಿದರು, ಬಳೆ ತೆಗೆದಿಟ್ಟರು. ಅವರ ಹೆಜ್ಜೆಯ ಸದ್ದು ಬೆಕ್ಕಿಗೆ ಕೇಳಬಾರದೆಂದು ನಾನು ಮೆಷಿನ್ ಜೋರಾಗಿ ತುಳಿಯುತ್ತಾ ಕೂತೆ. ಮೇಸ್ತ್ರಮ್ಮ ಅರ್ಧ ಹೊದಿಸಿದ ಕುರ್ಚಿಯ ಮೇಲೆ ಮುದುಡಿ ಮಲಗಿದ್ದಳು. ಅತ್ತಿಗೆ ಬರಿಗಾಲಲ್ಲಿ ಬಂದು ನಡುಬಾಗಿಲಲ್ಲಿ ನಿಂತರು, ಉಸಿರು ಬಿಗಿಹಿಡಿದು.

ಮೇಸ್ತ್ರಮ್ಮ ಕಣ್ಣು ಬಿಟ್ಟಳು. ಬೇರೆ ಕಡೆ ನೋಡಿದಳು. ಆಮೇಲೆ ಅವಳು ಕತ್ತನ್ನು ಒಂದು ಪಕ್ಕಕ್ಕೆ ಓರೆ ಮಾಡಿ, ಬಾಗಿಲ ಕಡೆ ತಿರುಗಿಸಿದಳು. ಅತ್ತಿಗೆಯ ಮುಖ ನೋಡಿದಳು. ಕೈ ನೋಡಿದಳು. ಕೈಯಲ್ಲಿ ಏನೂ ಇರಲಿಲ್ಲ. ಮತ್ತೆ ಮುಖ ನೋಡಿ, ಮೆಷಿನ್ ಸದ್ದನ್ನೂ ಮೀರಿಸಿ ಉದ್ದಕ್ಕೆ ಕೂಗಿದಳು.

“ಬೈತಿದ್ದಾಳೆ ಕಣೋ! ಕೈ ಖಾಲಿ ಅಂತ ಬೈತಿದ್ದಾಳೆ!” ಎಂದು ಅತ್ತಿಗೆ ಹೊಸ್ತಿಲ ಮೇಲೇ ಕುಸಿದು ಕೂತರು. ನಾನು ಮೆಷಿನ್ ನಿಲ್ಲಿಸಲಿಲ್ಲ. ನಿಲ್ಲಿಸಿದ್ದರೆ ನಾನು ಅಳುವುದು ಅವರಿಗೆ ಕೇಳಿಸುತ್ತಿತ್ತು.